ರೊಟ್ಟಿಯಲ್ಲಿ ಸಿಕ್ಕ ಕೂದಲು

ಫೆಬ್ರುವರಿ ಎಂಟು, ಭಾನುವಾರ. ಬೆಳಿಗ್ಗೆ ಹತ್ತೂಕಾಲಕ್ಕೆ, ಪತ್ರಿಕೆಯೊಂದಕ್ಕೆ ಕಳಿಸಲೆಂದು ಇದನ್ನು ಬರೆಯಲು ಕೂತಿದ್ದೇನೆ. ಅವ್ವ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಾಳೆ. ಅಪ್ಪ ಗೂಡ್ಸ್ ಆಟೊ ತೆಗೆದುಕೊಂಡು ಅಳವಂಡಿಗೆ ಹೋಗಿದ್ದಾನೆ.

ದಿನಚರಿ ಬರೆಯುವುದು ನನಗೆ ಪಿಯುಸಿಯಿಂದಲೂ ರೂಢಿ. ಎದ್ದ ಹೊತ್ತು, ಬಸ್ಸು ತಡವಾದದ್ದು, ಲ್ಯಾಬಿನಲ್ಲಿ ಯಾವ ಪರೀಕ್ಷೆ ಎಷ್ಟು ಬಂದವು ಎಂಬುದು, ಇಂಥವೇ. ಹೋದ ವರ್ಷ ಆಗಸ್ಟಿನಲ್ಲಿ ಅದರಲ್ಲಿ ಒಂದು ಹೊಸ ಕಾಲಂ ಎಳೆದೆ. ತಲೆಬರಹ: ಅವ್ವನ ಕೈಯ ಊಟ. ಕೆಳಗೆ ಪ್ರತಿದಿನ ಹೌದು ಅಥವಾ ಇಲ್ಲ. ಸೆಪ್ಟೆಂಬರಿನಲ್ಲಿ ‘ಇಲ್ಲ’ಗಳು ಹೆಚ್ಚಾದವು. ಡಿಸೆಂಬರಿನಲ್ಲಿ ‘ಹೌದು’ ಇರುವುದು ನಾಲ್ಕೇ ದಿನ. ಹೆತ್ತವಳ ಕೈಯ ಊಟ ಕಂಡರೆ ಮಗಳಿಗೆ ವಾಕರಿಕೆ ಬರುತ್ತದೆ ಎಂಬುದನ್ನು ಹೇಗೆ ಹೇಳಿದರೂ ಕೆಟ್ಟದಾಗಿಯೇ ಕೇಳಿಸುತ್ತದೆ. ಆದ್ದರಿಂದ ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ನಾನು ಗಂಗಾವತಿಯ ಒಂದು ಖಾಸಗಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ರಕ್ತ, ಮೂತ್ರ, ಮಲ, ಕಫ ನನ್ನ ಕೆಲಸ. ದಿನಾ ಕೊಪ್ಪಳದಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಅವ್ವನದು ಕೂದಲಿನ ಕೆಲಸ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಹೊರಗಿನವರಿಗಾಗಿ ಹೇಳುತ್ತೇನೆ. ಹೆಂಗಸರು ತಲೆ ಬಾಚಿದಾಗ ಹಣಿಗೆಗೆ ಬಂದ ಕೂದಲನ್ನು ಉಂಡೆ ಮಾಡಿ ಗೋಡೆಯ ಸಂದಿಗೆ, ಕಿಟಕಿಯ ಮೂಲೆಗೆ ತುರುಕಿರುತ್ತಾರೆ. ಊರೂರು ತಿರುಗುವ ವ್ಯಾಪಾರಿ ಅದನ್ನು ಕೊಂಡು ಸ್ಟೀಲಿನ ವಾಟಿಯನ್ನೋ ಕ್ಲಿಪ್ಪನ್ನೋ ಕೊಟ್ಟು ಹೋಗುತ್ತಾನೆ. ಆ ಉಂಡೆಗಳೆಲ್ಲ ಚೀಲಗಟ್ಟಲೆ ನಮ್ಮ ಊರಿಗೆ ಬರುತ್ತವೆ. ಇಲ್ಲಿಯ ಶೆಡ್ಡುಗಳಲ್ಲಿ ಹೆಂಗಸರು ಸಾಲಾಗಿ ಕೂತು ದಬ್ಬಣದಿಂದ ಸಿಕ್ಕು ಬಿಡಿಸುತ್ತಾರೆ, ಉದ್ದ ನೋಡಿ ಜೋಡಿಸಿ ಕಟ್ಟು ಕಟ್ಟುತ್ತಾರೆ. ಅದು ಎಲ್ಲಿಯೋ ಯಾರದೋ ತಲೆಯ ಮೇಲೆ ವಿಗ್ಗಾಗುತ್ತದೆ. ಹಗಲು ಶೆಡ್ಡಿನಲ್ಲಿ ಮುಗಿಯದ್ದನ್ನು ಸಂಜೆ ಮನೆಗೆ ತಂದು ಬಿಡಿಸುವವರೂ ಇದ್ದಾರೆ. ಅವ್ವ ಅವರಲ್ಲಿ ಒಬ್ಬಳು. ಅಡುಗೆಮನೆಗೂ ಪಡಸಾಲೆಗೂ ನಡುವೆ ನಮ್ಮಲ್ಲಿ ಗೋಡೆಯಿಲ್ಲ.

ನನಗೆ ಹತ್ತು ವರ್ಷವಿದ್ದಾಗಿನಿಂದ ಆ ಚೀಲಗಳು ಮನೆಯಲ್ಲಿವೆ. ಅವುಗಳಿಗೆ ಒರಗಿ ಓದಿದ್ದೇನೆ, ಮೇಲೆ ಮಲಗಿದ್ದೇನೆ. ಆಗ ನನಗೆ ಒಂದು ದಿನವೂ ಹೇಸಿಗೆ ಬರಲಿಲ್ಲ. ಹೇಸಿಗೆ ಬಂದದ್ದು ಓದಿದ ಮೇಲೆ. ಡಿಪ್ಲೊಮಾದ ಎರಡನೆಯ ವರ್ಷ ಒಂದು ಕೂದಲನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ತೋರಿಸಿದರು. ಹೇನಿನ ಸೀರು ಅದಕ್ಕೆ ಅಂಟಿಕೊಂಡಿತ್ತು. ಬರಿ ಅಂಟಿದ್ದಲ್ಲ, ಮೇಸ್ತ್ರಿ ಸಿಮೆಂಟು ಮೆತ್ತಿದ ಹಾಗೆ ಸುತ್ತ ಒಂದು ಕೊಳವೆಯನ್ನೇ ಕಟ್ಟಿಕೊಂಡು ಕೂತಿತ್ತು. ಅದರ ಪಕ್ಕದಲ್ಲಿ ಚರ್ಮದ ಹೊಪ್ಪಳೆ, ಎಣ್ಣೆಯ ಜಿಡ್ಡು, ಇನ್ನೇನೋ ಕರಿ ಕಣ. ಅವತ್ತು ಮನೆಗೆ ಬಂದು ಚೀಲದ ಬಾಯಿ ಬಿಚ್ಚಿ ನೋಡಿದೆ. ಮೊದಲ ಬಾರಿ ವಾಸನೆ ಬಂತು. ಕಮಟು ಎಣ್ಣೆ, ಬೆವರು, ಇಲಿಯ ಹಿಕ್ಕೆ. ಒಂದು ಉಂಡೆಯೊಳಗೆ ಗಾಯಕ್ಕೆ ಅಂಟಿಸಿದ್ದ ಪಟ್ಟಿಯೊಂದು ಒಣಗಿದ ಕೀವಿನ ಸಮೇತ ಸಿಕ್ಕಿಕೊಂಡಿತ್ತು. ಇನ್ನೊಂದರಲ್ಲಿ ಕತ್ತರಿಸಿದ ಉಗುರುಗಳು. ಮತ್ತೊಂದು ಉಂಡೆ ಬಚ್ಚಲಿನ ಜಾಲರಿಯಿಂದ ಕಿತ್ತದ್ದು, ಲೋಳೆ ಒಣಗಿ ಹಪ್ಪಳದಂತಾಗಿತ್ತು. ಅದರ ಮೇಲೆ ಸೋಪಿನ ಬಿಳಿ ಪೊರೆ.

ಅವ್ವ ಅದನ್ನೆಲ್ಲ ಬರಿಗೈಯಲ್ಲಿ ಬಿಡಿಸುತ್ತಿದ್ದಳು. ಆಮೇಲೆ ಎದ್ದು ಕೈ ತೊಳೆದು ಪರಾತದಲ್ಲಿ ಜೋಳದ ಹಿಟ್ಟು ನಾದುತ್ತಿದ್ದಳು. ರೊಟ್ಟಿ ಲಟ್ಟಣಿಗೆಯಿಂದ ಆಗುವುದಲ್ಲ. ಅಂಗೈಯಿಂದ ಬಡಿದು ಬಡಿದು ಅಗಲ ಮಾಡುವುದು. ಹೆಂಚಿನಿಂದ ಇಳಿದ ರೊಟ್ಟಿಯ ಮೇಲೆ ಅವಳ ಬೆರಳಿನ ಗುರುತು ಹಾಗೇ ಉಳಿದಿರುತ್ತದೆ. ಮೊದಲು ಆ ಗುರುತು ನನಗೆ ಕಾಣುತ್ತಲೇ ಇರಲಿಲ್ಲ. ಈಗ ಅದೊಂದೇ ಕಾಣತೊಡಗಿತು.

ಆದರೂ ಉಣ್ಣುತ್ತಿದ್ದೆ, ಬೇರೆ ಕಡೆ ನೋಡುತ್ತ.

ಆಗಸ್ಟ್ ಹದಿನಾಲ್ಕು, ಸಂಜೆ ಏಳೂವರೆ. ರೊಟ್ಟಿ, ಹೆಸರುಕಾಳಿನ ಪಲ್ಯ. ಮೂರನೆಯ ತುತ್ತು ನುಂಗಿದ ಮೇಲೆ ನಾಲಿಗೆಯ ಮೇಲೆ ಏನೋ ಎಳೆದ ಹಾಗಾಯಿತು. ಎರಡು ಬೆರಳು ಹಾಕಿ ಹಿಡಿದೆ. ಕೂದಲು. ಎಳೆದೆ, ಬಂತು, ಇನ್ನೂ ಬಂತು. ಒಂದು ತುದಿ ಬೆರಳಲ್ಲಿದೆ, ಇನ್ನೊಂದು ತುದಿ ಗಂಟಲಿನ ಕೆಳಗೆ ನುಂಗಿದ ತುತ್ತಿನಲ್ಲಿದೆ. ಎಳೆದಷ್ಟೂ ಆ ತುತ್ತು ಮೇಲಕ್ಕೆ ಬರುತ್ತಿದೆ. ಬಚ್ಚಲಿಗೆ ಓಡಿದೆ. ಮಧ್ಯಾಹ್ನದ ಊಟವೂ ಹೊರಗೆ ಬಿತ್ತು.

ಬಾಗಿಲಲ್ಲಿ ನಿಂತು ಅವ್ವ ಹೇಳಿದಳು, “ಒಂದ ಕೂದಲಾ ಅದು. ಹಾವು ನುಂಗಿದಾಂಗ ಮಾಡಾಕತ್ತೀಯಲ್ಲಬೇ.”

“ಯಾರ ಕೂದಲಬೇ ಅದು?” ಎಂದೆ.

“ಯಾರದಂದ್ರ? ನಂದು. ನಾ ಏನ ತಲಿ ಬೋಳಿಸಿಕೊಂಡೇನೇನು?”

“ನಿಂದು ಇಷ್ಟುದ್ದ ಎಲ್ಲೈತಿ? ಇದು ಮಂದೀದು. ಚೀಲದಾಗಿಂದು.”

ಅವ್ವನ ಮುಖ ಕೆಂಪಾಯಿತು. ಅವಳಿಗೂ ಈ ವಿಷಯದಲ್ಲಿ ಒಂದು ಶಾಸ್ತ್ರವಿದೆ. ದಿನವಿಡೀ ಪರರ ಕೂದಲು ಬಿಡಿಸುತ್ತಾಳೆ, ಆದರೆ ತನ್ನ ಹಣಿಗೆಯ ಕೂದಲನ್ನು ಒಂದು ಎಳೆಯೂ ಮಾರುವುದಿಲ್ಲ. ಉಂಡೆ ಮಾಡಿ, ಅದರ ಮೇಲೆ ಮೂರು ಸಲ ತೂ ತೂ ಎಂದು ಉಗುಳಿ, ಒಲೆಗೆ ಹಾಕುತ್ತಾಳೆ. ಸುಟ್ಟ ನಾತ ಮನೆಯೆಲ್ಲ ತುಂಬುತ್ತದೆ. ಕೇಳಿದರೆ, “ನಾನು ಅಂದ್ರ ನಾನ. ಯಾರ ತಲಿಮ್ಯಾಲರ ಹೋಗಿ ಕುಂದ್ರಾಕ ನಾ ತಯಾರಿಲ್ಲ,” ಎನ್ನುತ್ತಾಳೆ. ಉದುರಿದ ಮೇಲೂ ಅದು ತಾನೇ ಎಂದು ಅವಳ ಲೆಕ್ಕ. ಅಂಥವಳಿಗೆ ನಾನು, ನಿನ್ನ ಅಡುಗೆಯಲ್ಲಿ ಯಾರೋ ಬಿದ್ದಿದ್ದಾರೆ ಎಂದಂತಾಗಿತ್ತು.

ಆಮೇಲೆ ನಾನು ಮಾಡಿದ್ದನ್ನು ಲ್ಯಾಬಿನಲ್ಲಿ ಕೆಲಸ ಮಾಡುವವರಲ್ಲದೆ ಬೇರೆ ಯಾರೂ ಮಾಡಲಾರರು. ಆ ಕೂದಲನ್ನು ತೊಳೆದು ಕಾಗದದಲ್ಲಿ ಮಡಚಿ ಗಂಗಾವತಿಗೆ ಒಯ್ದೆ. ಹೋಲಿಸಲು ಇನ್ನು ಮೂರು: ಅವ್ವನ ಹಣಿಗೆಯಿಂದ ಒಂದು, ಚೀಲದಿಂದ ಒಂದು, ನನ್ನ ತಲೆಯಿಂದ ಒಂದು. ನನ್ನದನ್ನು ತಂದದ್ದು ಬರಿ ಪದ್ಧತಿಗೆ. ಹೋಲಿಸುವಾಗ ಗೊತ್ತಿರುವ ಒಂದು ಮಾದರಿ ಇರಬೇಕು ಎಂದು ಕಲಿಸಿದ್ದರು. ಮಧ್ಯಾಹ್ನ ಕೆಲಸವಿಲ್ಲದ ಹೊತ್ತಿನಲ್ಲಿ ನಾಲ್ಕು ಸ್ಲೈಡ್ ಮಾಡಿದೆ. ನಮ್ಮ ಹಿರಿಯ ಟೆಕ್ನಿಷಿಯನ್ ಸರ್ ಬಂದು ಹಿಂದೆ ನಿಂತರು.

“ಏನವಾ, ಯಾರ್ದು ಸ್ಯಾಂಪಲ್?”

“ನಮ್ಮ ಮನಿ ರೊಟ್ಟಿದ್ರಿ ಸರ್.”

ಅವರು ಕನ್ನಡಕ ಏರಿಸಿ ನನ್ನ ಮುಖ ನೋಡಿದರು. “ರೊಟ್ಟಿ ಪರೀಕ್ಷಾಕ್ಕ ರಿಪೋರ್ಟ್ ಏನ್ ಬರಿತಿ? ಉಪ್ಪು ಕಮ್ಮಿ ಅಂತನಾ?” ಎಂದು ನಕ್ಕು, ತಾವೂ ಕಣ್ಣಿಟ್ಟು ನೋಡಿದರು. “ಬುಡ ಇಲ್ಲ ನೋಡು, ತುಂಡಾಗೇತಿ. ಇದರಾಗ ಯಾರದಂತ ನಾನೂ ಹೇಳಾಂಗಿಲ್ಲ, ನೀನೂ ಹೇಳಾಂಗಿಲ್ಲ. ಬೇಕಾದ್ರ ಯಾರದ ಹೋಲತೈತಿ ಅಂತ ಅನ್ನಬಹುದು.”

ಹೋಲುತ್ತಿದ್ದುದು ಅವ್ವನದನ್ನಲ್ಲ, ಚೀಲದ್ದನ್ನೂ ಅಲ್ಲ. ದಪ್ಪ, ಬಣ್ಣ, ನಡುವಿನ ಎಳೆ, ಯಾವುದನ್ನು ನೋಡಿದರೂ ಹತ್ತಿರವಿದ್ದುದು ನನ್ನದು. ನಾನು ಅವತ್ತು ಅವ್ವನ ಪಕ್ಕ ನಿಂತು ಪಲ್ಯಕ್ಕೆ ಒಗ್ಗರಣೆ ಹಾಕಿದ್ದೆ. ತಲೆ ಬಿಚ್ಚಿಕೊಂಡಿದ್ದೆ.

ಸಂಜೆ ಮನೆಗೆ ಬಂದವಳೇ ಹೇಳಿದೆ. ಅವ್ವ ಚಪ್ಪಾಳೆ ತಟ್ಟಿ ನಕ್ಕಳು. ಅವಳ ಜೊತೆ ಶೆಡ್ಡಿನಲ್ಲಿ ಕೆಲಸ ಮಾಡುವ ಪಕ್ಕದ ಮನೆಯ ಚಿಗವ್ವನನ್ನು ಕೂಗಿ ಕರೆದು ಹೇಳಿದಳು. “ಕೇಳಿದೇನ? ತನ್ನ ಕೂದಲಾ ತಾನ ತಿಂದು, ತಾನ ಕಾರಿಕೊಂಡಾಳ. ಮ್ಯಾಲ ನನ್ನ ಬೈದಾಳ!”

ಚಿಗವ್ವ, “ಓದಿದವರು ಹಂಗಽ ಬಿಡು, ತಮ್ಮ ವಾಸನಿ ತಮಗ ಹತ್ತಾಂಗಿಲ್ಲ,” ಎಂದಳು.

ನಾನೂ ನಕ್ಕೆ. ಎಲ್ಲ ಮುಗಿಯಿತು ಅಂದುಕೊಂಡೆ. ಊಟಕ್ಕೆ ಕೂತು ರೊಟ್ಟಿ ಮುರಿದೆ. ಬಾಯಿಗೆ ಇಡುವ ಮೊದಲೇ ವಾಕರಿಕೆ ಬಂತು, ತುಂಡನ್ನು ತಾಟಿಗೆ ಬಿಟ್ಟೆ. ಅದು ನನ್ನದೇ ಕೂದಲಾಗಿತ್ತು ಎಂದು ಮನಸ್ಸಿನಲ್ಲಿ ಹೇಳಿಕೊಂಡೆ. ಏನೂ ಪ್ರಯೋಜನವಾಗಲಿಲ್ಲ. ಚೀಲದಲ್ಲಿ ಏನಿದೆ ಎಂದು ತಿಳಿದದ್ದು ಒಂದೇ ಸಂಜೆಯಲ್ಲಿ ಮೈಯೊಳಗೆ ಇಳಿದಿತ್ತು. ರೊಟ್ಟಿಯಲ್ಲಿದ್ದದ್ದು ಅದಲ್ಲ ಎಂದು ತಿಳಿದದ್ದು ಮಾತ್ರ ತಲೆಯಲ್ಲೇ ನಿಂತಿತು, ಕೆಳಗೆ ಇಳಿಯಲಿಲ್ಲ. ಎರಡೂ ಕಂಡುಕೊಂಡದ್ದು ಅದೇ ಯಂತ್ರದ ಕೆಳಗೆ, ಅದೇ ಕಣ್ಣಿನಿಂದ. ಇನ್ನೊಂದು ವಿಷಯಕ್ಕೂ ಹೇಸಿಕೊಂಡೆ. ತಲೆಯ ಮೇಲಿದ್ದಾಗ ದಿನಾ ಕನ್ನಡಿಯಲ್ಲಿ ನೋಡಿ, ಎಣ್ಣೆ ಹಚ್ಚಿ, ಹೂವು ಮುಡಿಸಿ ‘ನಾನು’ ಎಂದುಕೊಂಡದ್ದನ್ನು ಬಾಯಲ್ಲಿ ಸಿಕ್ಕಾಗ ನನ್ನ ಹೊಟ್ಟೆ ಪರರದ್ದೆಂದು ಕಾರಿತ್ತು.

ಅಡುಗೆ ನಾನೇ ಮಾಡುತ್ತೇನೆ ಎಂದೆ. ಅವ್ವ ಪರಾತ ಕಸಿದುಕೊಂಡಳು.

“ಮುಟ್ಟಬ್ಯಾಡ. ಮಂದಿ ಹೇಲು ಮುಟ್ಟಿದ ಕೈಯಾಗ ಹಿಟ್ಟು ನಾದತಿಯೇನ?”

“ಕೈಗವಸು ಹಾಕ್ಕೋತೀನಬೇ. ಸೋಪಿಲೆ ತೊಳಿತೀನಿ.”

“ನಾನೂ ತೊಳಿತೀನಲ್ಲ? ನಂದು ನಿನಗ ಹೋಗವಲ್ದು, ನಿಂದು ನನಗ ಹೆಂಗ ಹೋಗಬೇಕು?”

ಅಪ್ಪ ತಾಟು ಹಿಡಿದು ಕೂತಿದ್ದ. “ಒಬ್ಬಾಕಿ ತಲಿದು ಮುಟ್ಟತಾಳ, ಒಬ್ಬಾಕಿ ತಳದ್ದು ಮುಟ್ಟತಾಳ. ನಡುವ ನಾ ಒಬ್ಬಾಂವ ಉಪವಾಸ,” ಎಂದ. ಯಾರೂ ನಗಲಿಲ್ಲ. ಕೊನೆಗೆ ಅವ್ವ ತನಗೂ ಅಪ್ಪನಿಗೂ ಮಾಡಿದಳು. ನಾನು ಬೇರೆ ಒಲೆಯಲ್ಲಿ ಅನ್ನ ಇಟ್ಟುಕೊಂಡೆ. ಎಷ್ಟೋ ದಿನ ಗಂಗಾವತಿಯಲ್ಲೇ ಇಡ್ಲಿ ತಿಂದು ಬರುತ್ತಿದ್ದೆ. ಆ ಇಡ್ಲಿ ಮಾಡಿದ ಕೈ ಇನ್ನೇನೇನು ಮುಟ್ಟಿರುತ್ತದೆ ಎಂದು ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದ ಅದು ಸಲೀಸಾಗಿ ಇಳಿಯುತ್ತಿತ್ತು.

ನನ್ನನ್ನು ಕಾಡಿದ್ದು ನವೆಂಬರಿನಲ್ಲಿ ಕಂಡದ್ದು. ಅವ್ವ ನಮ್ಮ ಜೊತೆ ಕೂತು ಉಣ್ಣುವುದನ್ನು ಬಿಟ್ಟಿದ್ದಳು. ಮೊದಲು ನಾನು ಗಮನಿಸಲಿಲ್ಲ. ಒಂದು ಸಂಜೆ ಹಿತ್ತಲಿಗೆ ಹೋದಾಗ ಕಂಡಳು. ಗೋಡೆಯ ಕಡೆ ಮುಖ ಮಾಡಿ, ನಮಗೆ ಬೆನ್ನು ತಿರುಗಿಸಿ, ತಾಟನ್ನು ತೊಡೆಯ ಮೇಲೆ ಇಟ್ಟುಕೊಂಡು ಉಣ್ಣುತ್ತಿದ್ದಳು. ನಾನು ಅವಳ ಕೈ ನೋಡಬಾರದೆಂದು. ನನ್ನ ಹೆಜ್ಜೆಯ ಸಪ್ಪಳ ಕೇಳಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಒಳಗೆ ಬಂದು ಆ ದಿನದ ಕಾಲಂನಲ್ಲಿ ‘ಇಲ್ಲ’ ಎಂದು ಬರೆದೆ. ಅವಳ ಕೈಯ ರೊಟ್ಟಿಯನ್ನು ಮತ್ತೆ ಉಣ್ಣಲಾಗದಿದ್ದರೆ ಈ ಮನೆಯಲ್ಲಿ ನಾನು ಅವಳಿಗೆ ಏನಾಗಿ ಉಳಿಯುತ್ತೇನೆ ಎಂಬುದು ಆವತ್ತು ಹೆದರಿಕೆಯಾಗಿ ಹಿಡಿದುಕೊಂಡಿತು.

ಅಂದಿನಿಂದ ದಿನಾ ಒಂದು ತುಂಡು ಪ್ರಯತ್ನಿಸಿದೆ. ಕಣ್ಣು ಮುಚ್ಚಿ, ಮೂಗು ಹಿಡಿದು, ಮೊಸರಿನಲ್ಲಿ ಅದ್ದಿ. ಡಿಸೆಂಬರಿನ ಆ ನಾಲ್ಕು ‘ಹೌದು’ಗಳು ಹಾಗೆ ಬಂದವು. ಅವುಗಳಲ್ಲಿ ಎರಡು ದಿನ ಆಮೇಲೆ ಬಚ್ಚಲಿಗೆ ಹೋದೆ.

ಜನವರಿಯಲ್ಲಿ ಅವ್ವನ ಕೆಮ್ಮು ಜೋರಾಯಿತು. ಕೆಮ್ಮು ಮೊದಲೂ ಇತ್ತು, ಶೆಡ್ಡಿನಲ್ಲಿ ಎಲ್ಲರಿಗೂ ಇದೆ. ಸಿಕ್ಕು ಬಿಡಿಸುವಾಗ ಕೂದಲಿನಿಂದ ಬೂದಿಯಂಥ ಧೂಳು ಏಳುತ್ತದೆ. ಕಿಟಕಿಯ ಬಿಸಿಲಿನಲ್ಲಿ ಅದು ತೇಲುವುದು ಕಾಣುತ್ತದೆ. ಯಾರ್ಯಾರದೋ ನೆತ್ತಿಯ ಹೊಟ್ಟು. ಅದನ್ನೇ ಅವರು ಉಸಿರಾಡುತ್ತಾರೆ. ಡಾಕ್ಟರು ಎದೆಯ ಎಕ್ಸ್‌ರೇ ಬರೆದರು. ಕಫದ ಪರೀಕ್ಷೆಯನ್ನೂ ಬರೆದು, ಎದ್ದ ತಕ್ಷಣ ಬಂದ ಕಫವೇ ಬೇಕು ಎಂದರು. ಮನೆಗೆ ಬಂದು ಅವ್ವ ಹೇಳಿದಳು, “ಬ್ಯಾರೆ ಕಡೆ ಕೊಡತೀನಿ. ನಿಮ್ಮಲ್ಲಿ ಬ್ಯಾಡ.”

“ಯಾಕಬೇ?”

“ನೀ ನೋಡತಿ.”

“ನೋಡೂದ ನನ್ನ ಕೆಲಸಲ್ಲೇನು?”

“ಅದಕ್ಕ ಬ್ಯಾಡ. ರೊಟ್ಟ್ಯಂತೂ ಬಿಟ್ಟಿ. ಇನ್ನ ನನ್ನ ಉಗುಳು ನೋಡಿ ನನ್ನ ಮಾರಿ ನೋಡೂದೂ ಬಿಡತಿ.”

ಆ ರಾತ್ರಿ ಲ್ಯಾಬಿನ ಒಂದು ಖಾಲಿ ಡಬ್ಬಿಯನ್ನು ಅಪ್ಪನ ಕೈಗೆ ಕೊಟ್ಟು ಮಲಗಿದೆ. ಮರುದಿನ ಬೆಳಿಗ್ಗೆ ಅಪ್ಪನೇ ಅವ್ವನ ಕಫವಿದ್ದ ಡಬ್ಬಿ ತಂದು ನನ್ನ ಕೈಯಲ್ಲಿಟ್ಟ. ಎಡಗೈಯಿಂದ ಹಿಡಿದು, ಮುಖ ಆಚೆ ತಿರುಗಿಸಿ. ಬ್ಯಾಗಿನಲ್ಲಿ ನನ್ನ ಊಟದ ಡಬ್ಬಿ ಇತ್ತು. ಅದರ ಪಕ್ಕದಲ್ಲಿ ಇದನ್ನು ಇಡಲು ಆಗಲಿಲ್ಲ. ಕರ್ಚೀಫಿನಲ್ಲಿ ಸುತ್ತಿ ಗಂಗಾವತಿಯವರೆಗೂ ಕೈಯಲ್ಲೇ ಹಿಡಿದುಕೊಂಡೆ. ಡಬ್ಬಿ ಇನ್ನೂ ಬೆಚ್ಚಗಿತ್ತು. ಬಸ್ಸು ರಸ್ತೆಯುಬ್ಬಿನ ಮೇಲೆ ಹಾರಿದಾಗಲೆಲ್ಲ ಒಳಗೆ ಅದು ಮೆಲ್ಲಗೆ ಜರಗುವುದು ಬೆರಳಿಗೆ ತಿಳಿಯುತ್ತಿತ್ತು. ಪಕ್ಕದಲ್ಲಿ ಕೂತ ಹೆಂಗಸು, “ಏನವಾ, ಪ್ರಸಾದೇನು?” ಎಂದು ಕೇಳಿದಳು. ಅಲ್ಲ ಎಂದೆ.

ಸರ್ ತಾವೇ ಮಾಡುತ್ತೇನೆ ಎಂದರು. ಬೇಡ, ನಾನೇ ಮಾಡುತ್ತೇನೆ ಎಂದೆ. ಈ ಕೆಲಸಕ್ಕೆ ಸೇರಿದ ಮೇಲೆ ಕಫ ಕಂಡು ನನಗೆ ಒಮ್ಮೆಯೂ ಹೇಸಿಗೆ ಬಂದದ್ದಿಲ್ಲ. ಹಸಿರು, ಹಳದಿ, ನೆತ್ತರು ಬೆರೆತದ್ದು, ದಾರದಂತೆ ಜೋಲುವುದು, ಎಲ್ಲ ಬಂದಿವೆ. ಅವುಗಳ ಮೇಲೆ ಒಂದು ನಂಬರು ಇರುತ್ತದೆ, ಅಷ್ಟೆ. ಅವತ್ತೂ ಡಬ್ಬಿಗೆ ನಂಬರು ಬರೆದೆ. ಮುಚ್ಚಳ ತೆಗೆದೆ. ನಂಬರಿನಿಂದ ಏನೂ ಆಗಲಿಲ್ಲ. ಅದು ಅವ್ವನದು ಎಂದು ನನಗೆ ಗೊತ್ತಿತ್ತು. ಬೂದು ಬಣ್ಣದ ಗಟ್ಟಿ ಲೋಳೆ, ಬುಡದಲ್ಲಿ ನೊರೆ. ಮಾಸ್ಕಿನೊಳಗೇ ವಾಕರಿಸಿದೆ. ಅಲ್ಲಿಯವರೆಗೆ ನಾನು ಅಂದುಕೊಂಡಿದ್ದೆ, ನನಗೆ ಪರರದ್ದು ಕಂಡರೆ ಹೇಸಿಗೆ, ನಮ್ಮವರದಾದರೆ ಇಲ್ಲ ಎಂದು. ಇಲ್ಲಿ ಪರರದ್ದು ಕಂಡರೆ ಏನೂ ಆಗುತ್ತಿರಲಿಲ್ಲ, ನಮ್ಮವರದ್ದಕ್ಕೆ ಹೊಟ್ಟೆ ತೊಳೆಸುತ್ತಿತ್ತು. ಮನೆಯಲ್ಲಿ ತಿರುಗುಮುರುಗು. ಹಾಗಾದರೆ ಹೇಸಿಗೆ ವಸ್ತುವಿನಲ್ಲೂ ಇಲ್ಲ, ಕೈಯಲ್ಲೂ ಇಲ್ಲ. ಯಾವುದಕ್ಕೆ ‘ಯಾರದು’ ಎಂಬ ಪ್ರಶ್ನೆ ಹತ್ತಬಾರದೋ ಅದಕ್ಕೆ ಹತ್ತಿದಾಗ ಬರುತ್ತದೆ ಎಂದು ಕಾಣುತ್ತದೆ. ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ತಿಳಿಯದು.

ಸ್ಲೈಡಿಗೆ ಸವರಿದೆ. ಕೆಂಪು ಬಣ್ಣ ಹಾಕಿ ಕಾಸಿದೆ, ಆಮ್ಲದಲ್ಲಿ ತೊಳೆದೆ, ಮೇಲೆ ನೀಲಿ. ಕ್ಷಯದ ಕ್ರಿಮಿ ಇದ್ದರೆ ನೀಲಿಯ ನಡುವೆ ಕೆಂಪು ಗೀಟುಗಳಾಗಿ ಕಾಣುತ್ತವೆ. ಸಾಲು ಬಿಡದೆ ನೋಡಿದೆ. ಕೆಂಪು ಇರಲಿಲ್ಲ. ಒಂದು ಕಡೆ ಮಾತ್ರ ಕಪ್ಪಗಿನ ಸಣ್ಣ ಚೂರು ಅಡ್ಡ ಬಿದ್ದಿತ್ತು. ಅದು ಕೂದಲೋ ಬಟ್ಟೆಯ ಎಳೆಯೋ ಹೇಳಲಾರೆ, ಹೊರಗಿನಿಂದ ಬಿದ್ದಿರಲೂಬಹುದು. ಆದರೆ ನನ್ನ ಮೈಯಂತೂ ಅದು ಕೂದಲೇ ಎಂದು ನಿರ್ಧರಿಸಿತು. ಹೆಸರಿಲ್ಲದ ಯಾವಳದೋ ತಲೆಯ ತುಣುಕು ಅವ್ವನ ಎದೆಯಲ್ಲಿ. ನನ್ನ ಬಾಯಿಂದ ನಾನು ಒಂದನ್ನು ಎಳೆದು ಬಿಸಾಕಿದ್ದೆ. ಅವಳು ಇಂಥವನ್ನು ಎಷ್ಟು ವರ್ಷದಿಂದ ನುಂಗುತ್ತ ಬಂದಿದ್ದಳೋ. ಎದ್ದು ಹೊರಗೆ ಹೋಗಿ ನಿಂತೆ. ಸರ್ ಸ್ಲೈಡನ್ನು ಮತ್ತೊಮ್ಮೆ ನೋಡಿ ಕ್ಷಯದ ಕ್ರಿಮಿ ಇಲ್ಲ ಎಂಬ ರಿಪೋರ್ಟಿಗೆ ಸಹಿ ಹಾಕಿದರು.

ಎಕ್ಸ್‌ರೇಯಲ್ಲಿಯೂ ಕ್ಷಯ ಕಾಣಲಿಲ್ಲ. ಧೂಳಿನಿಂದ ಶ್ವಾಸನಾಳ ಊದಿದೆ, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಆಗುವುದಾದರೆ ಆ ಕೆಲಸ ಬಿಡಿ ಎಂದರು ಡಾಕ್ಟರು. ಅವ್ವ ಮೊದಲನೆಯದಕ್ಕೆ ತಲೆಯಾಡಿಸಿದಳು. ಎರಡನೆಯದು ಕೇಳಿಸಲಿಲ್ಲವೆಂಬಂತೆ ಕೂತಳು.

ಮನೆಯಲ್ಲಿ ನನ್ನನ್ನು ನೇರವಾಗಿ ಕೇಳಿದಳು. “ನೀನ ನೋಡಿದಿ?”

“ಹೂಂ.”

“ಹೇಸಿಗಿ ಬಂತು?”

ಸುಳ್ಳು ಹೇಳುವುದು ಸುಲಭವಿತ್ತು. “ಬಂತು. ಭಾಳ ಬಂತು. ಆದರೂ ಪೂರಾ ನೋಡಿದೆ.”

“ನನಗೂ ಬರತೈತಿ,” ಎಂದಳು ಅವ್ವ. “ಮೊದಲಿಂದನೂ ಬರತೈತಿ. ಉಂಡಿ ಬಿಚ್ಚಿದ ಕೂಡಲೇ ಬರತೈತಿ. ಯಾರಿಗಿ ಹೇಳೂದು? ಬಿಚ್ಚತೀನಿ, ಬಿಡಸತೀನಿ.”

ಇಷ್ಟು ವರ್ಷ ಅವಳಿಗೆ ಅದು ರೂಢಿಯಾಗಿ ಹೋಗಿದೆ, ನನಗೆ ಮಾತ್ರ ಹೇಸಿಗೆ ಎಂದು ನಾನು ಭಾವಿಸಿದ್ದೆ. ಅವಳು ಎದ್ದು ಹಿಟ್ಟು ನಾದಿದಳು. ಬಡಿಯುವಾಗ ನಾನು ಎದುರಿಗೇ ಕೂತು ಕೈಗಳನ್ನು ನೋಡಿದೆ. ದಬ್ಬಣ ಚುಚ್ಚಿ ಚುಚ್ಚಿ ಬೆರಳ ತುದಿಗಳು ಕರಿ ಚುಕ್ಕೆ ಬಿದ್ದಿದ್ದವು. ರೊಟ್ಟಿ ತಾಟಿಗೆ ಬಿತ್ತು. ಮುರಿದೆ. ಮೊದಲ ತುತ್ತು ಇಳಿಯಿತು. ಎರಡನೆಯದು ಗಂಟಲಲ್ಲಿ ನಿಂತಿತು, ಕಣ್ಣಲ್ಲಿ ನೀರು ಬಂತು.

“ಉಗುಳಬ್ಯಾಡ,” ಎಂದಳು ಅವ್ವ. “ಉಗುಳಿದ್ರ ಅದನ್ನೂ ಡಬ್ಬ್ಯಾಗ ಹಾಕ್ಕೊಂಡು ನೋಡಾಕ ಒಯ್ಯಬೇಕಾಕೈತಿ.”

ನಗು ಬಂದು ತುತ್ತು ಒಳಗೆ ಹೋಯಿತೋ, ನೀರು ಕುಡಿದದ್ದರಿಂದ ಹೋಯಿತೋ ತಿಳಿಯದು. ಅರ್ಧ ರೊಟ್ಟಿ ತಿಂದೆ. ಉಳಿದರ್ಧವನ್ನು ಅವ್ವ ನನ್ನ ತಾಟಿನಿಂದಲೇ ಎತ್ತಿಕೊಂಡು, ಅಲ್ಲೇ ಕೂತು ತಿಂದಳು.

ಆಮೇಲಿನ ಹದಿನೇಳು ದಿನಗಳಲ್ಲಿ ‘ಹೌದು’ ಹನ್ನೊಂದು, ‘ಇಲ್ಲ’ ಆರು. ಹೌದು ಎಂಬುದರ ಅರ್ಥ ರುಚಿಯಾಗಿ ಉಂಡೆ ಎಂದಲ್ಲ, ನುಂಗಿದೆ ಎಂದು. ಈಗ ಒಮ್ಮೊಮ್ಮೆ ನಾನೂ ರೊಟ್ಟಿ ಬಡಿಯುತ್ತೇನೆ, ಅವ್ವ ಅದನ್ನು ಇನ್ನೂ ತಿಂದಿಲ್ಲ. ಮೊನ್ನೆ ಒಂದನ್ನು ಎತ್ತಿ ಮೂಸಿ ನೋಡಿ, ಅಪ್ಪನ ತಾಟಿಗೆ ಹಾಕಿದಳು.

ಈಗ ನನಗೆ ತಿಳಿಯಬೇಕಾದದ್ದು ಇಷ್ಟು. ಕೂದಲಿನ ಶೆಡ್ಡಿನಲ್ಲಿ, ಲ್ಯಾಬಿನಲ್ಲಿ, ಆಸ್ಪತ್ರೆಯಲ್ಲಿ, ಚರಂಡಿಯಲ್ಲಿ ಕೆಲಸ ಮಾಡುವವರ ಮನೆಯಲ್ಲಿ ಊಟ ಹೇಗೆ ನಡೆಯುತ್ತದೆ? ಈ ವಾಕರಿಕೆ ಪೂರ್ತಿ ಹೋದವರು ಯಾರಾದರೂ ಇದ್ದೀರಾ, ಎಷ್ಟು ದಿನ ಹಿಡಿಯಿತು? ಎದೆಗೆ ಇಳಿದ ಕೂದಲಿನ ಧೂಳು ಹೊರಗೆ ಬರುತ್ತದೆಯೇ, ಅಲ್ಲೇ ಉಳಿಯುತ್ತದೆಯೇ? ಅವ್ವ ಕೆಲಸ ಬಿಡುವ ಮಾತೇ ಆಡುತ್ತಿಲ್ಲ. ಬಾಯಿಗೆ ಕಟ್ಟಿದ ಬಟ್ಟೆಯೂ ಹತ್ತು ನಿಮಿಷಕ್ಕೆ ಕುತ್ತಿಗೆಗೆ ಜಾರುತ್ತದೆ. ಸರಿಯಾಗಿ ಗೊತ್ತಿರುವವರು, ಅರ್ಧ ಗೊತ್ತಿದ್ದರೂ ಸರಿ, ಇದನ್ನು ಅಚ್ಚು ಹಾಕಿದವರ ವಿಳಾಸಕ್ಕೆ ನಾಲ್ಕು ಸಾಲು ಬರೆಯಿರಿ. ಓದಿ ಅವ್ವನಿಗೂ ಹೇಳುತ್ತೇನೆ.